ಒಂದು ಕಾಲು ಇನ್ನೂ ಮಂಜುಗಡ್ಡೆಯ ಮೇಲೆ

1.

ಎಲ್ಲಿಂದ ಶುರು ಮಾಡುವುದು ಎಂದು ತಲೆ ಕೆರೆದುಕೊಂಡು ಕೂತಿದ್ದೇನೆ.

ಹಿತ್ತಿಲಿನಿಂದ ಮಾಡಬಹುದು. ಸಸ್ಕಟೂನ್ ಎಂಬ ಹಿಮದೂರಿನ ಅಂಚಿನಲ್ಲೊಂದು ಮನೆ, ಜನವರಿ ತಿಂಗಳು, ಅಪ್ಪ ಹಿತ್ತಿಲಿಗೆ ಪೈಪಿನಲ್ಲಿ ನೀರು ಬಿಟ್ಟು ಹೆಪ್ಪುಗಟ್ಟಿಸಿದ್ದಾನೆ. ಪುಟ್ಟ ಲಾರ್ನ್ ಡೂಬಿಕ್ ಅಣ್ಣನ ಹಳೆಯ ಸ್ಕೇಟು ಕಟ್ಟಿಕೊಂಡು ದೊಪ್ಪನೆ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ... ಸಾಕು. ಈ ಊರಿನಲ್ಲಿ ಯಾವ ಹಾಕಿ ಆಟಗಾರನ ಕಥೆ ತೆಗೆದರೂ ಮೊದಲ ಪುಟದಲ್ಲಿ ಇದೇ ಹಿತ್ತಿಲು, ಇದೇ ಅಪ್ಪ, ಇದೇ ಪೈಪು. ಹರಿದು ಹಾಕಿದೆ.

(ಹಾಕಿ ಎಂದರೆ ಇಲ್ಲಿ ಮಂಜುಗಡ್ಡೆಯ ಮೇಲಿನದು, ಕೊಡಗಿನ ಓದುಗರು ಕ್ಷಮಿಸಬೇಕು. ಈ ಊರಿಗೆ ಬಂದ ಹೊಸತರಲ್ಲಿ ನಾನೂ 'ಐಸ್ ಹಾಕಿ' ಎನ್ನುತ್ತಿದ್ದೆ. ಪಕ್ಕದ ಮನೆಯವನು "ಬೇರೆ ಯಾವ್ದಾದ್ರೂ ಇದ್ಯಾ?" ಎಂದು ಕೇಳಿದ. ಅಂದಿನಿಂದ ಬಿಟ್ಟೆ.)

2.

ಸರಿ, ಮೊಣಕಾಲಿನಿಂದ ಹೊರಡೋಣ. ಲಾರ್ನ್ ಆಡಿದ ಕೊನೆಯ ಸೀಸನ್ನು. ಎದುರಾಳಿಯೊಬ್ಬ ಗುದ್ದಿದ ರಭಸಕ್ಕೆ ರಿಂಕಿನ, ಅಂದರೆ ಮಂಜುಗಡ್ಡೆಯ ಅಂಗಳದ, ಅಡ್ಡಗೋಡೆಗೆ ಬಡಿದು ಬೀಳುತ್ತಾನೆ, ತುಂಬಿದ ಕ್ರೀಡಾಂಗಣ ಉಸಿರು ಬಿಗಿಹಿಡಿದಿದೆ, ಅವನ ಬಲ ಮೊಣಕಾಲು...

"ಎಡ," ಎಂದ ಲಾರ್ನ್.

"ಏನು?"

"ಎಡ ಮೊಣಕಾಲು ಗುರೂ. ಮತ್ತೆ ನನ್ನ ಯಾರೂ ಗುದ್ದಿರ್ಲಿಲ್ಲ. ಪ್ರಾಕ್ಟೀಸ್ ಮುಗಿಸ್ಕೊಂಡು ಬರ್ತಾ ಪಾರ್ಕಿಂಗಲ್ಲಿ ಜಾರಿದೆ. ತುಂಬಿದ ಕ್ರೀಡಾಂಗಣ ಅಂತೆ! ಗ್ಯಾರ್ತ್ ಒಬ್ನೇ ಇದ್ದಿದ್ದು. ಅವನೂ ಬಿದ್ದೂ ಬಿದ್ದೂ ನಗ್ತಿದ್ದ."

(ಪಾತ್ರಗಳ ಜೊತೆ ಇದೇ ತಾಪತ್ರಯ. ಊಟಕ್ಕೆ ಕರೆದರೆ ಸೀದಾ ಅಡುಗೆಮನೆಗೇ ನುಗ್ಗುತ್ತವೆ.)

2, ಇನ್ನೊಮ್ಮೆ.

ಗ್ಯಾರ್ತ್ ಯಾರು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನೀವು ನನ್ನನ್ನು ಬೈಯುತ್ತೀರಿ. ಗ್ಯಾರ್ತ್ ಮಕೀವರ್. ನಮ್ಮ ಹೆರಾನ್ಸ್ ತಂಡದ ಹಿಂದಿನ ಸಾಲಿನಲ್ಲಿ ಲಾರ್ನ್‌ನ ಜೋಡಿ. ಲಾರ್ನ್ ಮುದಿಯಾಗುತ್ತಿದ್ದ ಕಾಲಕ್ಕೆ ಬಂದ ಪಡ್ಡೆ ಹುಡುಗ. ಪರವೂರಿನ ಹೋಟೆಲುಗಳಲ್ಲಿ ಇಬ್ಬರಿಗೂ ಒಂದೇ ಕೋಣೆ. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಹಿಂದೆ ನಿಲ್ಲಬೇಕು ಎಂದು ಅವನಿಗೆ ಕಲಿಸಿದವನು ಲಾರ್ನ್. ಪಾರ್ಕಿಂಗಿನಲ್ಲಿ ಬಿದ್ದವನನ್ನು, ನಗು ನಿಂತ ಮೇಲೆ, ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಹೋದವನು ಗ್ಯಾರ್ತ್.

ಇಬ್ಬರೂ ಇಲ್ಲಿಯತನಕ, ವರ್ಷದ ಚಾಂಪಿಯನ್ ತಂಡಕ್ಕೆ ಸಿಗುವ ಕಪ್ ಎತ್ತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

3.

ಆಟ ಮುಗಿದವನ ಕಥೆ ಬರೆಯುವುದು ಕಷ್ಟ. ಆಡುತ್ತಿದ್ದಾಗ ಅವನು ಓಡುತ್ತಾನೆ, ಗುದ್ದುತ್ತಾನೆ, ಹಲ್ಲು ಉದುರಿಸಿಕೊಳ್ಳುತ್ತಾನೆ. ಆಮೇಲೆ? ಆಮೇಲೆ ಕೂರುತ್ತಾನೆ. ಕೂತವನನ್ನು ಹೇಗೆ ಬರೆಯಲಿ?

ಮೊದಲು ಕಾರಿನಲ್ಲಿ ಕೂತ. ತಂಡದವರು ಅವನನ್ನು ಎಳೆಯ ಆಟಗಾರರನ್ನು ಹುಡುಕುವ ಕೆಲಸಕ್ಕೆ ಹಾಕಿದರು. ಚಳಿಗಾಲಗಟ್ಟಲೆ ಇಲ್ಲಿಯ ಬಯಲುಸೀಮೆಯ ಸಣ್ಣ ಸಣ್ಣ ಊರುಗಳ ರಿಂಕುಗಳಲ್ಲಿ, ಆರಿದ ಕಾಫಿ ಕುಡಿಯುತ್ತ, ಇನ್ನೂ ಮೀಸೆ ಮೂಡದವರ ಕಾಲುಗಳನ್ನು ನೋಡಿದ. ಆಮೇಲೆ ಸಹಾಯಕ ಮ್ಯಾನೇಜರನ ಕುರ್ಚಿಯಲ್ಲಿ ಕೂತ. ಆಮೇಲೆ ಜನರಲ್ ಮ್ಯಾನೇಜರನ ಕುರ್ಚಿಯಲ್ಲಿ. ನೆಲಮಾಳಿಗೆಯ ಡ್ರೆಸ್ಸಿಂಗ್ ರೂಮಿನಿಂದ ಐದನೆಯ ಮಹಡಿಯ ಗಾಜಿನ ಕೋಣೆಗೆ. ಕೆಳಗಿದ್ದಾಗ ಎಲ್ಲರಿಗೂ ಡೂಬ್ಸ್ ಆಗಿದ್ದವನು ಮೇಲೆ ಹೋದಮೇಲೆ ಮಿಸ್ಟರ್ ಡೂಬಿಕ್ ಆದ. ಅವನು ಡ್ರೆಸ್ಸಿಂಗ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ಯಾರೋ ಹಾಡು ಬಂದ್ ಮಾಡುತ್ತಾರೆ. ಈಗಲೂ ಡೂಬ್ಸ್ ಎನ್ನುವವನು ಗ್ಯಾರ್ತ್ ಒಬ್ಬನೇ.

"ಇದು ನಿಜ," ಎಂದ ಲಾರ್ನ್. "ಆದ್ರೆ ಬರೀಬೇಡ."

ಬರೆದಾಯಿತು.

4.

ಒಂದು ಹಳೆಯ ಗಾಯ. (ಮೊಣಕಾಲಲ್ಲ.)

ಲಾರ್ನ್ ಮೊದಲು ಆಡುತ್ತಿದ್ದ, ದೇಶದ ಪೂರ್ವಭಾಗದ ತಂಡವೊಂದು ಅವನನ್ನು ಇನ್ನೊಂದು ತಂಡಕ್ಕೆ ದಾಟಿಸಿತು. ಅವನಿಗೆ ಯಾರೂ ಹೇಳಲಿಲ್ಲ. ಕಾರು ತೊಳೆಸುವ ಸಾಲಿನಲ್ಲಿ ಕೂತಿದ್ದಾಗ ರೇಡಿಯೋ ಹೇಳಿತು. ಸೋಪಿನ ನೊರೆ ಗಾಜಿನ ಮೇಲೆ ಇಳಿಯುತ್ತಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ, ಒಳಗೆ ಅವನು ಮಗುವಿನಂತೆ ಅತ್ತ. ತಾನು ಯಾವತ್ತಾದರೂ ಮ್ಯಾನೇಜರನ ಕುರ್ಚಿಯಲ್ಲಿ ಕೂತರೆ, ಒಳ್ಳೆಯದಾಗಲಿ ಕೆಟ್ಟದಾಗಲಿ, ಆಟಗಾರನ ಎದುರು ನಿಂತು ತಾನೇ ಹೇಳಬೇಕು ಎಂದು ಅವತ್ತೇ ನಿಶ್ಚಯಿಸಿದ. ಇಲ್ಲಿಯತನಕ ನಡೆಸಿಕೊಂಡೂ ಬಂದಿದ್ದಾನೆ.

ಮತ್ತೊಂದು ಮಾತು. ಎರಡು ಬೇಸಿಗೆಯ ಹಿಂದೆ, ಸರೋವರದ ದಡದ ಗ್ಯಾರ್ತ್‌ನ ಕ್ಯಾಬಿನ್ನಿಗೆ ಹೋಗಿ, ದೋಣಿಯಲ್ಲಿ ಗಾಳ ಹಾಕಿಕೊಂಡು ಕೂತಿದ್ದಾಗ ಲಾರ್ನ್ ಹೇಳಿದ್ದ:

"ನಾನು ಆ ಕುರ್ಚೀಲಿ ಇರೋ ತನಕ ನಿನ್ನ ಯಾರೂ ಎಲ್ಗೂ ಕಳ್ಸಲ್ಲ ಕಣೋ. ನೀನು ಇಲ್ಲೇ ಆಡಿ ಇಲ್ಲೇ ಮುಗಿಸ್ತೀಯ. ಇದು ನನ್ನ ಮಾತು."

ಗ್ಯಾರ್ತ್ ಗಾಳದತ್ತ ತಿರುಗಿ, "ಮೀನು ಕಚ್ಚಿದೆ ನೋಡು," ಎಂದ.

ಸಂಕೋಚದ ಮನುಷ್ಯ, ಖುಷಿ ತೋರಿಸುವುದಿಲ್ಲ ಎಂದುಕೊಂಡ ಲಾರ್ನ್. (ನಾನೂ ಹಾಗೇ ಅಂದುಕೊಂಡು ಒಂದು ಕರಡು ಪೂರ್ತಿ ಬರೆದೆ.)

5.

ಈಗ ನಿಜವಾದ ಶುರು. ಮಾರ್ಚ್ ತಿಂಗಳು. ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಮಧ್ಯಾಹ್ನದ ಗಡುವು ದಾಟಿದರೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಊರಿಗೆ ಊರೇ ಟೀವಿ ಮುಂದೆ ಕೂತಿದೆ, ಕ್ಷೌರದಂಗಡಿಯಲ್ಲೂ ಅದೇ ಮಾತು.

ಫೋನಿನಲ್ಲಿ ಸ್ಟೂ. ಪಶ್ಚಿಮ ಕರಾವಳಿಯ ತಂಡದ ಮ್ಯಾನೇಜರ್. ಈ ವರ್ಷ ಕಪ್ ಅವರದೇ ಎಂದು ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುವ ತಂಡ.

"ಗ್ಯಾರ್ತ್‌ನ ಕೊಡು ಲಾರ್ನ್. ನಮ್ಮ ಹಿಂದಿನ ಸಾಲಿಗೆ ಒಬ್ಬ ಅನುಭವಸ್ಥ ಬೇಕು. ಬದ್ಲಿಗೆ ನೀನು ಬಾಯಿ ಚಪ್ಪರಿಸ್ತಿದ್ಯಲ್ಲ, ಆ ಸ್ವೀಡನ್ ಹುಡುಗನ್ನೇ ತಗೋ."

"ಗ್ಯಾರ್ತ್ ಆಗಲ್ಲ."

"ತಲೆ ನೆಟ್ಟಗಿದ್ಯಾ? ಸೋಲ್ತಿರೋ ತಂಡದಲ್ಲಿ ಆ ಮುದುಕನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

"ಮಾತು ಕೊಟ್ಟಿದೀನಿ ಸ್ಟೂ."

ಸ್ಟೂ ನಿಟ್ಟುಸಿರು ಬಿಟ್ಟ. "ಸರಿ. ಬೇರೆಯವ್ರನ್ನ ಕೇಳ್ತೀನಿ. ಮನಸ್ಸು ಬದಲಾದ್ರೆ ಗಡುವಿನೊಳಗೆ ಫೋನ್ ಮಾಡು. ನಾನು ತೆಗೀತೀನಿ ಅಂತ ಏನೂ ಇಲ್ಲ."

ಲಾರ್ನ್ ಫೋನಿಟ್ಟ. ಮಾಲೀಕರು ಬೈಯುತ್ತಾರೆ, ಪತ್ರಿಕೆಯವರು ಉಗಿಯುತ್ತಾರೆ, ಕುರ್ಚಿಯೇ ಹೋದರೂ ಹೋದೀತು. ಆದರೂ ವರ್ಷಗಳಿಂದ ಅವನಿಗೆ ಇಷ್ಟು ಹಗುರ ಅನಿಸಿರಲಿಲ್ಲ. ತಾನು ಇನ್ನೂ ಕೆಳಗಿನ ಆಟಗಾರರಲ್ಲೊಬ್ಬ ಎಂದು ಅವನ ಎದೆ ಉಬ್ಬಿತು. ಇದನ್ನು ಗ್ಯಾರ್ತ್‌ಗೆ ಎದುರೇ ಹೇಳಬೇಕು, ಈಗಲೇ ಹೇಳಬೇಕು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ.

(ಇಲ್ಲಿ ನಾನು ಕೂಗಿಕೊಂಡೆ, "ಲಾರ್ನ್, ಬೇಡ!" ಎಂದು. ಕಿವಿಗೆ ಹಾಕಿಕೊಳ್ಳಲಿಲ್ಲ.)

6.

ಕೆಳಗೆ ಪ್ರಾಕ್ಟೀಸು ನಡೆಯುತ್ತಿತ್ತು. ಸೂಟು, ಪಾಲಿಶ್ ಹಾಕಿದ ಬೂಟು, ಕೈಯಲ್ಲಿ ಫೋನು. ಲಾರ್ನ್ ಡ್ರೆಸ್ಸಿಂಗ್ ರೂಮಿನ ಸುರಂಗದಿಂದ ಆಟಗಾರರ ಬೆಂಚಿನ ಬಳಿಗೆ ಬಂದ. ಮಂಜುಗಡ್ಡೆಯ ಮೇಲೆ ಗ್ಯಾರ್ತ್ ತಂಡಕ್ಕೆ ಹೊಸಬನಾದ ಒಬ್ಬ ಎಳಸಿಗೆ ಏನೋ ಹೇಳಿಕೊಡುತ್ತಿದ್ದ. ಲಾರ್ನ್ ಬೆರಳು ಮಡಿಸಿ ಕರೆದ. ಬಾ.

ಕೊನೆಯ ದಿನ, ಗಡುವಿಗೆ ಮುಂಚೆ, ಮ್ಯಾನೇಜರ್ ಬೆಂಚಿಗೆ ಬಂದು ಒಬ್ಬನನ್ನು ಮಂಜಿನಿಂದ ಕರೆದರೆ ಅದಕ್ಕೆ ಒಂದೇ ಅರ್ಥ: ಅವನನ್ನು ಬೇರೆ ತಂಡಕ್ಕೆ ಕೊಟ್ಟಾಯಿತು. ಹಿತ್ತಿಲಿನಲ್ಲಿ ಬೀಳುವ ಮಕ್ಕಳಿಗೂ ಗೊತ್ತು. ಹದಿನಾರು ವರ್ಷ ಆಡಿದ ಲಾರ್ನ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನು ಬರುವಾಗ ಡೂಬ್ಸ್ ಆಗಿ ಬಂದಿದ್ದ. ಅವರ ಕಣ್ಣಿಗೆ ಮಿಸ್ಟರ್ ಡೂಬಿಕ್ ಬಂದು ನಿಂತಿದ್ದ. ಅದೊಂದು ಅವನಿಗೆ ಹೊಳೆಯಲಿಲ್ಲ.

ಮೊದಲು ಗೋಲ್‌ಕೀಪರನ ಸ್ಟಿಕ್ಕು. ಟಕ್. ಮಂಜಿನ ಮೇಲೆ ಒಂದು ಬಡಿತ. ಆಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ. ಟಕ್ ಟಕ್ ಟಕ್ ಟಕ್. ಬಿಟ್ಟು ಹೋಗುವವನಿಗೆ ತಂಡ ಹೀಗೆ ವಿದಾಯ ಹೇಳುತ್ತದೆ. ಅವನ ಎರಡೂ ಕಾಲು ಮಂಜಿನಿಂದ ಆಚೆ ಹೋಗುವತನಕ ಬಡಿತ ನಿಲ್ಲಿಸುವಂತಿಲ್ಲ.

ಲಾರ್ನ್ ಎರಡೂ ಕೈ ಆಡಿಸಿದ. "ಏ, ಅಲ್ಲ, ಅಲ್ಲ..." ಎಂದ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಗ್ಯಾರ್ತ್ ನಿಂತಲ್ಲೇ ನಿಂತ. ಹೆಲ್ಮೆಟ್ ತೆಗೆದ. ಒಬ್ಬೊಬ್ಬರನ್ನೇ ತಬ್ಬಿಕೊಂಡು ಬಂದ. ಎಳಸಿನ ತಲೆಗೆ ಗ್ಲೌಸಿನಲ್ಲೇ ಒಂದು ಕುಟ್ಟಿದ. ಬೆಂಚಿನ ಬಾಗಿಲು ತೆರೆದು ಒಂದು ಕಾಲನ್ನು ಒಳಗಿನ ರಬ್ಬರ್ ಹಾಸಿನ ಮೇಲಿಟ್ಟ. ಕಣ್ಣು ಒದ್ದೆಯಾಗಿತ್ತು. ಆದರೆ ಲಾರ್ನ್ ಎಣಿಸಿರದ ಇನ್ನೊಂದು ಆ ಮುಖದಲ್ಲಿತ್ತು. ಮುಖ ಅರಳಿತ್ತು.

"ಎಲ್ಲಿಗೆ, ಡೂಬ್ಸ್? ಸ್ಟೂ ಹತ್ರಾನಾ? ಸ್ಟೂ ಹತ್ರಕ್ಕೇ ಅಂತ ಹೇಳೋ."

7.

"ಈಗ ಏನ್ ಮಾಡ್ಲಿ?" ಎಂದು ಲಾರ್ನ್ ನನ್ನ ಕಡೆ ತಿರುಗಿದ. ಮೊದಲ ಸಲ ಅವನಾಗಿಯೇ ನನ್ನನ್ನು ಕೇಳಿದ್ದು. ನಾನು ಬೀಗಿದೆ. ಸಂಚಿಯಲ್ಲಿ ಮೂರು ಮುಕ್ತಾಯಗಳಿದ್ದವು.

ಮುಕ್ತಾಯ ಅ: ಲಾರ್ನ್ ನಿಜ ಹೇಳುತ್ತಾನೆ, ಎಲ್ಲರೂ ನಗುತ್ತಾರೆ, ಗ್ಯಾರ್ತ್ ಮರಳಿ ಆಡುತ್ತಾನೆ. (ತೊಂದರೆ: ಸ್ಟಿಕ್ಕು ಬಡಿದಾದ ಮೇಲೆ ಮರಳಿದವನಿಲ್ಲ. ತಿಥಿ ಊಟ ಮುಗಿದ ಮೇಲೆ ಬಂದು ಬಾಗಿಲು ತಟ್ಟಿದವನ ಹಾಗೆ ಎಲ್ಲರೂ ಅವನನ್ನು ನೋಡುತ್ತಾರೆ.)

ಮುಕ್ತಾಯ ಆ: ಲಾರ್ನ್ "ಹೌದು, ಸ್ಟೂ ಹತ್ರಕ್ಕೆ" ಎಂದು ಸುಳ್ಳು ಹೇಳಿ ಮೇಲೆ ಓಡುತ್ತಾನೆ, ಏದುಸಿರಿನಲ್ಲಿ ಫೋನು ಮಾಡುತ್ತಾನೆ. ಸ್ಟೂ ಆಗಲೇ ಬೇರೆಯವನನ್ನು ತೆಗೆದುಕೊಂಡಾಗಿದೆ. ಕೆಳಗೆ ಗ್ಯಾರ್ತ್ ಚೀಲ ತುಂಬುತ್ತಿದ್ದಾನೆ. (ಇದನ್ನು ಬರೆದ ಮೇಲೆ ನನಗೆ ಊಟ ಸೇರಲಿಲ್ಲ.)

ಮುಕ್ತಾಯ ಇ: ಸ್ಟೂ ಒಪ್ಪುತ್ತಾನೆ. ಜೂನ್ ತಿಂಗಳಲ್ಲಿ ಗ್ಯಾರ್ತ್ ಕಪ್ ಎತ್ತುತ್ತಾನೆ. ಗೆದ್ದವರಿಗೆಲ್ಲ ಒಂದೊಂದು ದಿನ ಕಪ್ ಮನೆಗೆ ಕೊಡುತ್ತಾರಲ್ಲ, ತನ್ನ ದಿನ ಅದನ್ನು ಲಾರ್ನ್‌ನ ಹಿತ್ತಿಲಿಗೆ ತರುತ್ತಾನೆ. ಲಾರ್ನ್‌ನ ಅಮ್ಮ ಅದರ ತುಂಬ ಬಿಸಿಬಿಸಿ ಪೆರೋಗಿ ಕಡುಬು ಸುರಿಯುತ್ತಾಳೆ, ಇಬ್ಬರೂ ಕೈ ಹಾಕಿ ತಿನ್ನುತ್ತಾರೆ. (ಬರೆಯುತ್ತ ಬರೆಯುತ್ತ ಗೊಳೋ ಎಂದು ಅತ್ತೆ. ಆಮೇಲೆ ಅಳು ಬಂದದ್ದಕ್ಕೇ ಅನುಮಾನ ಬಂತು.)

ಲಾರ್ನ್ ಮೂರನ್ನೂ ಓದಿದ. ಅವನ ಮುಖ ಕೆಂಪಾಯಿತು.

"ಏನಯ್ಯಾ ಇದು? ಅವನನ್ನ ಇಟ್ಕೊಳೋದೂ ನೀನೇ, ಕಳ್ಸೋದೂ ನೀನೇ, ಕಪ್ ಕೊಡಿಸೋದೂ ನೀನೇ! ಮೇಲೆ ಕೂತ್ಕೊಂಡು ಕಾಯಿ ನಡೆಸ್ದಂಗೆ ನಡೆಸ್ತಿದೀಯಲ್ಲ, ನಿಂಗೇನ್ ಬೇಕು ಅಂತ ಗ್ಯಾರ್ತ್‌ನ ಒಂದ್ಸಲ ಕೇಳಿದ್ಯಾ?"

ನನಗೂ ರೇಗಿತು. "ನೀನು ಕೇಳಿದ್ದೆಯಾ?" ಎಂದೆ.

ಮೀನು ಕಚ್ಚಿದೆ ನೋಡು, ಎಂದಿದ್ದ ಗ್ಯಾರ್ತ್. ಎರಡು ವರ್ಷದ ಹಿಂದಿನ ಆ ದೋಣಿ, ಆ ಗಾಳ. ಅವತ್ತು ಗಾಳದಲ್ಲಿ ಮೀನೇ ಇರಲಿಲ್ಲ ಎಂಬುದು ಲಾರ್ನ್‌ಗೆ ಈಗ ನೆನಪಾಯಿತು.

ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

8.

ಇನ್ನು ಮುಂದಿನದು ನನ್ನ ಯಾವ ಕರಡಿನಲ್ಲೂ ಇಲ್ಲ.

ಲಾರ್ನ್ ಗ್ಯಾರ್ತ್‌ನ ಪಕ್ಕದಿಂದ ನುಸುಳಿ, ಬೂಟುಗಾಲಿನಲ್ಲೇ, ಮಂಜಿನ ಮೇಲೆ ಇಳಿದ. ಮೊಣಕಾಲು ಹೋದ ದಿನದಿಂದ ಅವನು ಅಲ್ಲಿ ಕಾಲಿಟ್ಟಿರಲಿಲ್ಲ. ಜಾರಿದ. ಗ್ಯಾರ್ತ್ ಅಭ್ಯಾಸಬಲದಿಂದ ರಟ್ಟೆ ಹಿಡಿದುಕೊಂಡ. ಸುತ್ತ ಬಡಿತ ನಡೆದೇ ಇತ್ತು.

"ಸ್ಟೂ ಕೇಳ್ದ ಕಣೋ," ಎಂದ ಲಾರ್ನ್. "ನಾನು ಆಗಲ್ಲ ಅಂದೆ. ಅದನ್ನ ಹೇಳಕ್ಕೇ ಬಂದೆ. ನೀನೆಲ್ಲೂ ಹೋಗ್ತಿಲ್ಲ ಅಂತ."

ಗ್ಯಾರ್ತ್ ಹಿಡಿದ ಕೈ ಬಿಡಲಿಲ್ಲ. ಅರಳಿದ್ದ ಮುಖ ಮಾತ್ರ ಹಾಗೇ ಆರಿಹೋಯಿತು. ಲಾರ್ನ್ ಅದನ್ನು ಎದುರೇ ನಿಂತು ನೋಡಿದ.

"ನನಗೋಸ್ಕರಾನಾ?"

"ಹೂಂ."

"ಅಯ್ಯೋ ಡೂಬ್ಸ್," ಎಂದ ಗ್ಯಾರ್ತ್. "ನೀನು ಅಷ್ಟು ಪ್ರೀತಿಯಿಂದ ಮಾತು ಕೊಟ್ಟುಬಿಟ್ಟೆ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಕೇಳ್ಬೇಕಿತ್ತು ಕಣೋ ನೀನು."

"ಈಗ ಕೇಳ್ತಿದೀನಿ."

ಲಾರ್ನ್ ಫೋನನ್ನು ಚಾಚಿದ. ಪರದೆಯ ಮೇಲೆ ಸ್ಟೂನ ಹೆಸರು. ಗಡುವಿಗೆ ಇನ್ನೂ ಸ್ವಲ್ಪವೇ ಸ್ವಲ್ಪ ಹೊತ್ತಿತ್ತು. ಸ್ಟೂ ಫೋನು ತೆಗೆಯುತ್ತಾನೋ ಇಲ್ಲವೋ ಗೊತ್ತಿರಲಿಲ್ಲ.

"ನೀನೇ ಒತ್ತು. ಇಲ್ಲಾಂದ್ರೆ ವಾಪಸ್ ಕೊಡು, ಇವರಿಗೆಲ್ಲ ನಾನೇ ಹೇಳ್ತೀನಿ, ನನ್ನ ತಪ್ಪು ಅಂತ."

ಗ್ಯಾರ್ತ್ ಫೋನನ್ನು ನೋಡಿದ. ತಿರುಗಿ ತಂಡವನ್ನು ನೋಡಿದ. ಎಳಸು ಅಳುತ್ತಲೇ ಸ್ಟಿಕ್ಕು ಬಡಿಯುತ್ತಿದ್ದ. ಆ ದಪ್ಪ ಗ್ಲೌಸಿನಲ್ಲಿ ಫೋನು ಒತ್ತುವುದಕ್ಕೂ ಆಗುವುದಿಲ್ಲ, ಸರಿಯಾಗಿ ಹಿಡಿದು ವಾಪಸ್ ಕೊಡುವುದಕ್ಕೂ ಆಗುವುದಿಲ್ಲ. ಗ್ಯಾರ್ತ್ ಗ್ಲೌಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯತೊಡಗಿದ.

9.

ಏನಾಯಿತು ಎಂದು ಕೇಳುತ್ತೀರಿ. ಪೇಪರಿನಲ್ಲಿ ಬಂದಿರುತ್ತದಲ್ಲ, ಹೇಳಿಬಿಡು ಎನ್ನುತ್ತೀರಿ.

ಹೇಳುವುದಿಲ್ಲ. ತೀರ್ಮಾನ ಗ್ಯಾರ್ತ್‌ನದು, ಅವನು ನನ್ನನ್ನು ಕೇಳಿಲ್ಲ. ಗ್ಲೌಸು ಇನ್ನೂ ಅರ್ಧ ಕೈಯಲ್ಲೇ ಇದೆ. ಒಂದು ಕಾಲು ರಬ್ಬರಿನ ಮೇಲೆ, ಒಂದು ಕಾಲು ಮಂಜುಗಡ್ಡೆಯ ಮೇಲೆ. ಬೂಟು ಹಾಕಿಕೊಂಡು ಜಾರುತ್ತಿರುವ ಒಬ್ಬನನ್ನು ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡಿದೆ.

ಅವರು ಬಡಿಯುತ್ತಲೇ ಇದ್ದಾರೆ.