ಉಕ್ಕುವುದಲ್ಲ, ಸೋರುವುದು

"ಇಲ್ಲಿ ನೋಡಿ. ನಾನು ಸುಳ್ಳು ಹೇಳ್ತಿದೀನಾ?" ಎಂದು ಕಟ್ಟಡದ ಕಾರ್ಯದರ್ಶಿ ಚಪ್ಪಲಿಯ ತುದಿಯಿಂದ ನೆಲ ತೋರಿಸಿದರು.

ಮೆಟ್ಟಿಲ ಕೆಳಗೆ ಎಡಕ್ಕೆ ವಾಲಿ ನಿಂತಿದ್ದ ಹಳೆಯ ಮೋಟಾರ್‌ಸೈಕಲ್ಲಿನ ಅಡಿಯಲ್ಲಿ ಅಂಗೈಯಗಲದ ಒದ್ದೆ ಹರಡಿತ್ತು. ಅವಳು ಬೆಳಗಿನ ಪಾಳಿ ಮುಗಿಸಿ ಬಂದು, ಗಾಡಿ ನಿಲ್ಲಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೈ ತೊಳೆಯುತ್ತಿದ್ದವಳನ್ನು ಹಾಗೇ ಕೆಳಗೆ ಕರೆಸಿದ್ದರು.

"ಪೆಟ್ರೋಲ್ ಟ್ಯಾಪ್ ಮುಚ್ಚಿದೀನಿ ಸಾರ್. ಕಾರ್ಬುರೇಟರ್ ಬಟ್ಟಲಲ್ಲಿ ಉಳಿದದ್ದು ಅಷ್ಟೆ."

"ಅಷ್ಟೇನಾ? ಸುಟ್ಟ ಗಾಯದ ವಾರ್ಡಿನ ನರ್ಸು ನೀವು. ಪೆಟ್ರೋಲ್ ಏನು ಮಾಡತ್ತೆ ಅಂತ ನಾನು ನಿಮಗೆ ಹೇಳ್ಕೊಡಬೇಕಾ?"

ಹನ್ನೊಂದು ವರ್ಷದಿಂದ ಆ ವಾರ್ಡಿನಲ್ಲಿ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದವಳು ಅವಳು. ಎರಡು ತಿಂಗಳಿಂದ ಒದ್ದೆಯ ಮೇಲೆ ಮರಳು ಸುರಿದು, ಗುಡಿಸಿ, ಹೊರಗೆ ಚೆಲ್ಲಿ ಬರುತ್ತಿದ್ದಳು. ಯಾರೂ ಹೇಳದೆಯೇ ಮಾಡುತ್ತಿದ್ದ ಕೆಲಸ ಅದು.

"ನಾಳೆ ಭಾನುವಾರ ಹತ್ತಕ್ಕೆ ಎಲ್ಲರೂ ಸೇರ್ತಿದೀವಿ. ಅಷ್ಟರೊಳಗೆ ಇದು ಗೇಟಿನಾಚೆ ಇರಬೇಕು."

"ಗಾಡಿ ಇಲ್ಲೇ ಇರತ್ತೆ ಸಾರ್. ಸೋರೋದು ಇರಲ್ಲ."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಹೇಗೆ ನಿಲ್ಲಿಸುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಮೇಲೆ ಗಂಡ ಫೋನು ಕೆಳಗಿಡುತ್ತಿದ್ದ. "ಗುಜರಿಯವನಿಗೆ ಹೇಳಿಬಿಟ್ಟೆ. ನಾಳೆ ಬೆಳಗ್ಗೆ ಬರ್ತಾನೆ."

"ಯಾರನ್ನ ಕೇಳಿ ಹೇಳಿದ್ರಿ?"

"ಕೇಳೋದೇನು? ನಾನು ಈ ಮೆಟ್ಟಿಲಲ್ಲಿ ತಲೆ ತಗ್ಗಿಸ್ಕೊಂಡು ಓಡಾಡ್ತಿದೀನಿ. ವಾರ್ಡು ಬಿಟ್ಟು ಆಸ್ಪತ್ರೆಯ ನೋಂದಣಿ ಕೌಂಟರಿಗೆ ಹಾಕಿಸ್ಕೋ. ಒಂಬತ್ತಕ್ಕೆ ಹೋಗಿ ಐದಕ್ಕೆ ಬರಬಹುದು. ದಿನಾ ನಾನೇ ಬಿಟ್ಟು ಬರ್ತೀನಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ವಾರ್ಡಿನ ಪಾಳಿ ಆರು ಗಂಟೆಗೆ ಶುರು, ಮೊದಲ ಬಸ್ಸು ಆರೂವರೆಗೆ. ಗಾಡಿ ಹೋದರೆ ವಾರ್ಡೂ ಹೋದ ಹಾಗೆ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಬ್ಯಾಗು, ಹೆಲ್ಮೆಟ್ ಎತ್ತಿಕೊಂಡು ಇಳಿದಳು.

ಮೆಕ್ಯಾನಿಕ್ ಅವಳನ್ನು ಕಂಡವನೇ ಎರಡೂ ಕೈ ಜೋಡಿಸಿಬಿಟ್ಟ. "ಸಿಸ್ಟರ್, ಮತ್ತೆ ಬಂದ್ರಾ? ಮೂರು ಸಲ ಸೂಜಿ ಬದಲಾಯಿಸಿದೀನಿ. ಒಳಗಿನ ತೇಲುಗುಂಡು ಹೊಸದು, ವಾಷರ್ ಹೊಸದು. ಇನ್ನು ನಾನು ಒಳಗೆ ಹೋಗಿ ಕೂತ್ಕೋಬೇಕು ಅಷ್ಟೆ." ಗಾಡಿಯನ್ನು ನಡುಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿ ಟ್ಯಾಪ್ ಬಿಟ್ಟ. "ನೋಡಿ, ಒಂದು ಹನಿ ಬೀಳ್ತಿದೆಯಾ?"

ಕಾಲು ಗಂಟೆ ಕಾದರೂ ಬೀಳಲಿಲ್ಲ.

"ನನ್ನ ಹತ್ರ ಸಾಧು, ನಿಮ್ಮನೇಲಿ ತಂಟೆ. ಎರಡು ಕಾರ್ಬುರೇಟರಿನ ಗಾಡಿ ಅಂದ್ರೆ ಅವಳಿ ಮಕ್ಕಳು ಸಿಸ್ಟರ್, ಒಂದು ಮಲಗಿದ್ರೆ ಇನ್ನೊಂದು ಏಳತ್ತೆ. ವಯಸ್ಸಾಯ್ತು, ಉಕ್ಕತ್ತೆ. ಬಿಟ್ಟುಬಿಡಿ."

ಉಕ್ಕುವುದೆಂದರೇನೆಂದು ಅವನೇ ಮೊದಲ ಸಲ ಬಿಚ್ಚಿದಾಗ ತೋರಿಸಿಕೊಟ್ಟಿದ್ದ. ಬಟ್ಟಲಿಗೆ ಪೆಟ್ರೋಲ್ ಇಳಿಯುತ್ತದೆ. ಗುಂಡು ತೇಲಿ ಮೇಲೆದ್ದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಸೂಜಿ ಸರಿಯಾಗಿ ಕೂರದಿದ್ದರೆ ಮಟ್ಟ ಏರಿ, ಬಟ್ಟಲ ಒಂದು ಮಗ್ಗುಲಿಗೆ ನಿಂತ ಹಿತ್ತಾಳೆಯ ಸಣ್ಣ ನಳಿಕೆಯ ಬಾಯಿಗೆ ಹತ್ತಿ, ಅದರೊಳಗಿಂದ ಕೆಳಗಿಳಿದು ತಳದ ಮೂತಿಯಿಂದ ನೆಲಕ್ಕೆ ಬೀಳುತ್ತದೆ.

ವಾಪಸು ಬರುವಾಗ ಅವಳು ಒಂದೇ ಯೋಚಿಸುತ್ತಿದ್ದಳು. ರೋಗಿಗೆ ಅಂಗಾತ ಮಲಗಿದಾಗ ಇಲ್ಲದ ನೋವು ಮಗ್ಗುಲಾದಾಗ ಬಂದರೆ ಮೊದಲು ಕೇಳುವುದು ಯಾವ ಮಗ್ಗುಲು ಎಂದು. ಅಂಗಡಿಯಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತದೆ. ಮನೆಯಲ್ಲಿ ಜಾಗ ಸಾಲದೆ ಅವಳು ಅದನ್ನು ಎಡಕ್ಕೆ ವಾಲಿಸುತ್ತಾಳೆ. ಎರಡು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮೆಟ್ಟಿಲ ಕೆಳಗೆ ಗಾಡಿಯನ್ನು ವಾಲಿಸಿ ಟ್ಯಾಪ್ ಬಿಟ್ಟಳು. ನಿಮಿಷವಾಗುವುದರೊಳಗೆ ಎಡಗಡೆಯ ಕಾರ್ಬುರೇಟರಿನಿಂದ ಹನಿ ಶುರುವಾಯಿತು. ಬ್ಯಾಗಿನಿಂದ ಡ್ರಿಪ್ಪಿನ ಪಾರದರ್ಶಕ ಕೊಳವೆ ತೆಗೆದು ಬಟ್ಟಲ ತಳದ ಮೂತಿಗೆ ಸಿಕ್ಕಿಸಿ, ತಿರುಪು ಸಡಿಲಿಸಿ, ಕೊಳವೆಯ ಇನ್ನೊಂದು ತುದಿಯನ್ನು ಬಟ್ಟಲ ಪಕ್ಕಕ್ಕೆ ಎತ್ತಿ ಹಿಡಿದಳು. ಕೊಳವೆಯಲ್ಲಿ ಪೆಟ್ರೋಲ್ ಏರಿ, ಬಟ್ಟಲ ಅಂಚಿಗಿಂತ ಅರ್ಧ ಬೆರಳು ಕೆಳಗೆ ನಿಂತಿತು. ಅಲ್ಲೇ ನಿಲ್ಲಬೇಕಾದ್ದು. ಸೂಜಿಯದೇನೂ ತಪ್ಪಿರಲಿಲ್ಲ. ತಿರುಪು ಬಿಗಿದು ಕೊಳವೆ ಕಿತ್ತಳು. ಮತ್ತೆ ಹನಿ.

"ಉಕ್ತಾ ಇದೆಯೋ, ಸೋರ್ತಾ ಇದೆಯೋ?"

ಅವಳು ತಿರುಗಿದಳು. ನಾಲ್ಕನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ಅತ್ತೆ ನಿಂತಿದ್ದರು. ಅವರು ಇವರ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಬಂದ ವಾರದಲ್ಲೇ ಗಾಡಿಯ ಬಗ್ಗೆ ಏನೋ ಕೇಳಿದ್ದರು. ದಣಿದು ಬಂದಿದ್ದ ಅವಳು, "ನಿಮಗದೆಲ್ಲ ಯಾಕೆ ಅತ್ತೆ" ಎಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರ ನಡುವೆ ಊಟಕ್ಕೆ ಬಾ, ಮಾತ್ರೆ ತಗೊಂಡ್ರಾ, ಇಷ್ಟೇ. ಅತ್ತೆ ದಿನವೂ ಕಿಟಕಿಯಿಂದ ಗಾಡಿ ನೋಡುವುದನ್ನು ಅವಳು ಮೂಗು ಮುರಿಯುವುದೆಂದೇ ತಿಳಿದಿದ್ದಳು.

"ಎರಡೂ ಒಂದೇ ಅಲ್ವಾ ಅತ್ತೆ?"

"ಹಾಲು ಉಕ್ಕತ್ತೆ. ಪಾತ್ರೆ ಸೋರತ್ತೆ. ಒಂದೇನಾ?"

ಅವಳು ಕೊಳವೆ ಹಿಡಿದುಕೊಂಡು ಹಾಗೇ ಕೂತಳು. ಮೂರು ಸಲವೂ ಎಲ್ಲರೂ ಹಾಲಿನ ಹಿಂದೆ ಬಿದ್ದಿದ್ದರು.

"ಮಟ್ಟ ಏರಿಲ್ಲ ಅತ್ತೆ. ಆದರೂ ಬೀಳ್ತಿದೆ."

"ಹಂಗಾದ್ರೆ ಪಾತ್ರೆ ಬಿಚ್ಚು. ನನ್ನ ಮುಖದಲ್ಲೇನಿದೆ?"

ಟ್ಯಾಪ್ ಮುಚ್ಚಿ, ಇದ್ದ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಅಂಗಳದಾಚೆ ಇಟ್ಟು ಬಂದು, ಎರಡೂ ಬಟ್ಟಲು ಬಿಚ್ಚಿದಳು. ಮೇಲೆ ತಂದು ಸೋಪು ನೀರಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದರು. ಅತ್ತೆ ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ನೋಡಿದರು. ಹಿತ್ತಾಳೆಯ ನಳಿಕೆ ನೆಟ್ಟಗಿತ್ತು, ಮಿನುಗುತ್ತಿತ್ತು, ಎಲ್ಲೂ ಏನೂ ಕಾಣಲಿಲ್ಲ. ಅತ್ತೆಯ ಹುಮ್ಮಸ್ಸು ಸ್ವಲ್ಪ ಇಳಿಯಿತು. ಆಗ ಅವಳಿಗೆ ವಾರ್ಡಿನ ಒಂದು ಬಾಟಲಿ ನೆನಪಾಯಿತು: ಎದೆಯೊಳಗಿನಿಂದ ಗಾಳಿ ಹೊರಬರಲೆಂದು ನೀರಿನಲ್ಲಿ ಮುಳುಗಿಸಿಡುವ ಕೊಳವೆ, ಗಾಳಿ ಬಂದರೆ ಏಳುವ ಗುಳ್ಳೆ. ಬಕೆಟ್ಟಿಗೆ ನೀರು ತುಂಬಿದಳು. ಹೊಸದೊಂದು ಡ್ರಿಪ್ ಕೊಳವೆಯನ್ನು ಮೂತಿಗೆ ಸಿಕ್ಕಿಸಿ, ಬಟ್ಟಲು ಮುಳುಗಿಸಿ, ನಳಿಕೆಯ ಬಾಯನ್ನು ಬೆರಳಿಂದ ಒತ್ತಿ ಹಿಡಿದು ಊದಿದಳು.

ನಳಿಕೆಯ ಬಾಯಿಗಿಂತ ತುಸು ಕೆಳಗೆ, ಎಡಮಗ್ಗುಲಿಂದ, ಸಾಸಿವೆಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

"ಅಲ್ಲೇ! ನಿಲ್ಲಿಸಬೇಡ, ಊದು, ಊದು!" ಅತ್ತೆ ತೋಳು ನೀರಿಗಿಳಿಸಿ ಆ ಜಾಗದಲ್ಲಿ ಉಗುರು ಊರಿದರು. ಕೂದಲೆಳೆಯ ಬಿರುಕು. ಗಾಡಿ ನೆಟ್ಟಗಿದ್ದಾಗ ಪೆಟ್ರೋಲ್ ಅದರ ಕೆಳಗೇ ಉಳಿಯುತ್ತಿತ್ತು. ವಾಲಿದಾಗ ಆ ಮಗ್ಗುಲಲ್ಲಿ ಮಟ್ಟ ಬಿರುಕನ್ನು ದಾಟುತ್ತಿತ್ತು.

ಅವಳು ಬಾಯಿಂದ ಕೊಳವೆ ತೆಗೆದಳು. "ಹೊಸ ಬಟ್ಟಲು ಎಲ್ಲೂ ಸಿಗಲ್ಲ ಅತ್ತೆ. ಈ ಗಾಡಿ ಮಾಡೋದು ನಿಂತೇ ಎಷ್ಟೋ ಕಾಲವಾಯ್ತು."

"ಸಿಗೋದು ಯಾರಿಗೆ ಬೇಕು? ಅಟ್ಟದ ಮೇಲೆ ನನ್ನ ನೀಲಿ ಟ್ರಂಕಿದೆ, ಇಳಿಸು."

ಟ್ರಂಕಿನಲ್ಲಿ ಬಟ್ಟೆಯ ಅಡಿಯಲ್ಲಿ ಕರೆಂಟಿನಿಂದ ಕಾಯುವ ಬೆಸುಗೆಯ ಕಡ್ಡಿಗಳು ಎರಡು, ರಾಳದ ಡಬ್ಬಿ, ಸೀಸದ ತಂತಿಯ ಸುರುಳಿ. ಅತ್ತೆ ಇಪ್ಪತ್ತಾರು ವರ್ಷ ರೇಡಿಯೋ ಕಾರ್ಖಾನೆಯಲ್ಲಿದ್ದರೆಂದು ಅವಳಿಗೆ ಗೊತ್ತಿತ್ತು. ಏನು ಮಾಡುತ್ತಿದ್ದರೆಂದು ಕೇಳಿರಲಿಲ್ಲ.

"ಚಿಕ್ಕದು ಬೇಡ, ದೊಡ್ಡದು ಕೊಡು. ಬಟ್ಟಲು ಶಾಖ ಕುಡಿದುಬಿಡತ್ತೆ." ಹಿತ್ತಾಳೆಯನ್ನು ಬ್ಲೇಡಿನಿಂದ ಹೊಳೆಯುವಂತೆ ಕೆರೆದು, ರಾಳ ಸವರಿ, ಕಾದ ಕಡ್ಡಿ ಊರಿದರು. ಕೈ ನಡುಗುತ್ತಿತ್ತು. ಮೊದಲ ಸಲ ಸೀಸ ಗುಂಡಾಗಿ ಉರುಳಿ ಬಟ್ಟಲಿಗೆ ಬಿತ್ತು.

"ನಾನು ಹಿಡೀಲಾ ಅತ್ತೆ?"

"ಕಡ್ಡಿ ಅಲ್ಲ. ನನ್ನ ಮಣಿಕಟ್ಟು ಹಿಡಿ."

ಅವಳು ಎರಡೂ ಕೈಯಿಂದ ಮಣಿಕಟ್ಟು ಹಿಡಿದಳು, ರಕ್ತನಾಳ ಹುಡುಕುವಾಗ ಹಿಡಿಯುವ ಹಾಗೆ. ರಾಳದ ಹೊಗೆ ಇಬ್ಬರ ಮುಖದ ನಡುವೆ ಏರಿತು. ಸೀಸ ಒಮ್ಮೆ ಮಂಕಾಗಿ ನಿಂತು, ಇದ್ದಕ್ಕಿದ್ದಂತೆ ಹೊಳೆದು, ನಳಿಕೆಯ ಸುತ್ತ ಹರಿದು ಕೂತಿತು.

"ಕೂತ್ಕೊಳ್ತು," ಎಂದರು ಅತ್ತೆ, ಮಗುವಿನ ಬಗ್ಗೆ ಹೇಳಿದ ಹಾಗೆ.

ಬಲಗಡೆಯ ಬಟ್ಟಲನ್ನೂ ಊದಿ ನೋಡಿದರು. ಅದರಲ್ಲೂ ಒಂದು ಗುಳ್ಳೆ, ಬಹಳ ನಿಧಾನದ್ದು, ಇನ್ನೂ ಸೋರಲು ಕಲಿಯದ್ದು. ಅದನ್ನೂ ಬೆಸೆದರು. ಬಾಗಿಲಲ್ಲಿ ಬಂದು ನಿಂತ ಮಗ, "ಅಮ್ಮಾ, ನೀನೂ ಇವಳ ಜೊತೆ ಸೇರ್ಕೊಂಡ್ಯಾ?" ಎಂದ.

"ಬೆಳಕಿಗೆ ಅಡ್ಡ ನಿಂತಿದೀಯ," ಎಂದರು ಅತ್ತೆ.

ಭಾನುವಾರ ಹತ್ತಕ್ಕೆ ಮೆಟ್ಟಿಲ ಕೆಳಗೆ ಎಂಟು ಜನ ಸೇರಿದ್ದರು. ಗುಜರಿಯವನು ಗೇಟಿನ ಬಳಿ ಮೂರುಗಾಲಿಯ ಗಾಡಿ ತಂದು ಹಗ್ಗ ಬಿಚ್ಚುತ್ತಿದ್ದ. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅವಳು ಮೋಟಾರ್‌ಸೈಕಲ್ಲನ್ನು ಬೆಳಕಿಗೆ ತಳ್ಳಿ, ಎಡಕ್ಕೆ ವಾಲಿಸಿ ನಿಲ್ಲಿಸಿ, ಕಾರ್ಬುರೇಟರುಗಳ ಕೆಳಗೆ ಅಂದಿನ ಪತ್ರಿಕೆ ಹಾಸಿ, ಟ್ಯಾಪನ್ನು ಪೂರ್ತಿ ಬಿಟ್ಟಳು.

"ಟ್ಯಾಪ್ ಯಾಕಮ್ಮಾ ಬಿಟ್ರಿ?" ಎಂದರು ಕಾರ್ಯದರ್ಶಿ.

"ಸೋರೋದಿದ್ರೆ ಸೋರಲಿ ಅಂತ. ಒಂದು ಹನಿ ಬಿದ್ರೆ ನಾನೇ ತಳ್ಳಿಕೊಂಡು ಹೋಗಿ ಇವರ ಗಾಡಿಗೆ ಹತ್ತಿಸ್ತೀನಿ. ಬೀಳದಿದ್ರೆ ಇದು ಇಲ್ಲೇ ಇರತ್ತೆ, ನಾನು ನಾಳೆ ಐದೂವರೆಗೆ ಇದರಲ್ಲೇ ಡ್ಯೂಟಿಗೆ ಹೋಗ್ತೀನಿ."

"ಎಷ್ಟು ಹೊತ್ತು ಕಾಯೋದು?"

"ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು. ನನಗಿವತ್ತು ರಜ."

ಅತ್ತೆ ಕುರ್ಚಿಯೊಂದನ್ನು ಎಳೆದು ತಂದು ಗಾಡಿಯ ಪಕ್ಕ ಹಾಕಿಕೊಂಡು ಕೂತರು. "ಅಮ್ಮಾ, ನೀನ್ಯಾಕೆ ಇಲ್ಲಿ? ಮೇಲೆ ನಡಿ," ಎಂದ ಮಗ ಮೆಲ್ಲಗೆ.

"ನನ್ನ ಬೆಸುಗೆ ಕಣೋ ಅದು. ನಾನೆಲ್ಲಿಗೆ ಹೋಗಲಿ?"

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಗೋಡೆಗೆ ಒರಗಿ ನಿಂತ. ಹತ್ತು ನಿಮಿಷವಾಯಿತು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು, ಇಬ್ಬರು ಮೇಲೆ ಹೋದರು. ಇಪ್ಪತ್ತು ನಿಮಿಷವಾಯಿತು. ಗುಜರಿಯವನು, "ನಾನು ಹೊರಡ್ಲಾ, ಇರ್ಲಾ?" ಎಂದು ಕೇಳಿದ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಪತ್ರಿಕೆಯನ್ನೇ ನೋಡತೊಡಗಿದ. ಅವಳು ಎದೆಯ ಮೇಲೆ ಕೈಕಟ್ಟಿ ನಿಂತೇ ಇದ್ದಳು.

ಕೊನೆಗೆ ಕಾರ್ಯದರ್ಶಿ ಮೊಣಕಾಲ ಮೇಲೆ ಕೈಯೂರಿ ಕೆಳಗೆ ಕೂತರು. ಎಡಗಡೆಯ ಬಟ್ಟಲ ತಳದ ಮೂತಿಗೆ ಬೆರಳು ಒತ್ತಿ, ಮೂಗಿಗೆ ಹಿಡಿದರು. ಬಲಗಡೆಯದಕ್ಕೂ ಒತ್ತಿ ಹಿಡಿದರು. ಬೆರಳು ಒಣಗಿಯೇ ಇತ್ತು. ಅವರು ಏಳಲಿಲ್ಲ.

ಅತ್ತೆ ಕುರ್ಚಿಯಿಂದ ಬಗ್ಗಿ, ಎರಡು ಕನ್ನಡಕದೊಳಗಿಂದ, ನೆಲದ ಮೇಲಿನ ಪತ್ರಿಕೆಯ ಕೊನೆಯ ಸಾಲಿನವರೆಗೂ ಓದಿ ಮುಗಿಸಿದರು.

"ಈ ಪುಟ ಓದಿ ಆಯ್ತು," ಎಂದರು ಕಾರ್ಯದರ್ಶಿಗೆ. "ನೀವು ಹೇಗೂ ಕೆಳಗೇ ಕೂತಿದೀರಲ್ಲ, ಸ್ವಲ್ಪ ತಿರುವಿ ಹಾಕಿ."

ಅವರು ತಲೆಯೆತ್ತಿ ನೋಡಿದರು. ಆಮೇಲೆ ಎರಡು ಬೆರಳಿಂದ ಹಾಳೆಯ ಮೂಲೆ ಹಿಡಿದು ಎಳೆದರು. ಅದು ಗರಿಗರಿ ಸದ್ದು ಮಾಡುತ್ತ ಮಗುಚಿಕೊಂಡಿತು.