ಬಟನ್ ಒತ್ತದಿದ್ದರೆ

ಆ ಗೇಮ್ ಕಂಪನಿಯಲ್ಲಿ ಎಲ್ಲರೂ ಆಕೆಯನ್ನು 'ಸಾವಿನಕ್ಕ' ಎಂದೇ ಕರೆಯುತ್ತಿದ್ದರು. ಆಟಗಳಿಗೆ ಕಥೆ ಬರೆಯುವುದು ಅವಳ ಕೆಲಸ. ಆರು ವರ್ಷದಲ್ಲಿ ಬರೆದದ್ದೆಲ್ಲ ಸಾವೇ. ನಾಯಕನ ತಂಗಿಯೊಬ್ಬಳನ್ನೇ ಹನ್ನೊಂದು ಬಗೆಯಲ್ಲಿ ಸಾಯಿಸಿದ್ದಳು. ಊರುಗಳಿಗೆ ಬೆಂಕಿ ಇಟ್ಟಿದ್ದಳು, ಕುರುಡಜ್ಜನನ್ನು ಬಾವಿಗೆ ನೂಕಿದ್ದಳು, ಒಂದೇ ನಾಯಿಯನ್ನು ಎರಡು ಸಲ ಕೊಂದಿದ್ದಳು. ಎರಡನೆಯ ಸಲ ಡೈರೆಕ್ಟರು ತುಂಬಾ ಕೇಳಿಕೊಂಡರೆಂದು. ಮನೆಯಲ್ಲಿ ಜಿರಳೆ ಕಂಡರೆ ಮಾತ್ರ ಗಂಡನನ್ನು ಕೂಗುತ್ತಿದ್ದಳು.

ಹೊಸ ಆಟದ ಸಭೆಯಲ್ಲಿ ಡೈರೆಕ್ಟರು ಅವಳ ಕರಡನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು. ಬಹಳ ಸೂಕ್ಷ್ಮ ಮನಸ್ಸಿನ ಮನುಷ್ಯ; ಕಾಫಿಗೆ ಸಕ್ಕರೆ ಕಡಿಮೆಯಾದರೂ ಮಧ್ಯಾಹ್ನದವರೆಗೆ ಮುಖ ಬಾಡಿರುತ್ತಿತ್ತು.

"ಯುದ್ಧ ಇದೆ, ಹಸಿವಿದೆ, ಎಲ್ಲಾ ಸರಿ. ಆದ್ರೂ ಯಾಕೋ ಹಗುರ ಆಯ್ತು ಕಣಮ್ಮ."

"ಮೂರು ಸಾವಿರ ಜನ ಸತ್ತಿದಾರೆ ಸರ್."

"ಅವರು ಅವರ ಪಾಡಿಗೆ ಸತ್ತಿದಾರೆ. ಆಡೋರ ಕೈಗೆ ರಕ್ತ ಅಂಟ್ಬೇಕು. ಪ್ರಬುದ್ಧ ಕಥೆ ಅಂದ್ರೆ ಅದು."

ಪ್ರಬುದ್ಧ ಕಥೆ ವಾರದಲ್ಲಿ ಸಿದ್ಧವಾಯಿತು. ಕತ್ತಲು ತುಂಬಿದ ನೆಲಮಾಳಿಗೆ, ಮೇಲೆ ಸೈನಿಕರ ಬೂಟಿನ ಸದ್ದು. ಒಬ್ಬ ತಾಯಿ, ಅವಳ ಎದೆಗವುಚಿಕೊಂಡ ಕೂಸು. ಕೂಸು ಅತ್ತರೆ ಅಲ್ಲಿ ಅಡಗಿರುವ ಹದಿನಾಲ್ಕು ಜನರೂ ಸಿಕ್ಕಿಬೀಳುತ್ತಾರೆ. ಪರದೆಯ ಮೇಲೆ ಒಂದೇ ಸಾಲು: 'ಬಾಯಿ ಮುಚ್ಚಲು ಬಟನ್ ಒತ್ತಿ ಹಿಡಿಯಿರಿ.' ಉಸಿರು ನಿಲ್ಲುವವರೆಗೆ ಹಿಡಿದೇ ಇರಬೇಕು. ಡೈರೆಕ್ಟರು ಓದಿ ಅತ್ತುಬಿಟ್ಟರು. ಕಣ್ಣೊರೆಸಿಕೊಂಡು ಊಟಕ್ಕೆ ಹೋದರು.

ನಿಜವಾದ ಕೂಸಿನ ಉಸಿರೇ ಬೇಕು ಎಂದು ಕಚೇರಿಯಲ್ಲಿ ಸುತ್ತೋಲೆ ಬಂತು. ಮನೆಯಲ್ಲಿ ಎಳೆಗೂಸು ಇದ್ದದ್ದು ಟೆಸ್ಟರ್ ಒಬ್ಬನಿಗೆ ಮಾತ್ರ. ತಪ್ಪು ಹುಡುಕುವುದಕ್ಕಾಗಿ ಒಂದೇ ದೃಶ್ಯವನ್ನು ದಿನವಿಡೀ ಆಡುವವನು ಅವನು. ಯಾವ ದೃಶ್ಯಕ್ಕೆ ಈ ಉಸಿರು ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮಲಗಿದ್ದ ಐದು ತಿಂಗಳ ಮಗಳ ಉಸಿರನ್ನು ರೆಕಾರ್ಡ್ ಮಾಡಿ ತಂದುಕೊಟ್ಟ. ಅವನ ಹೆಂಡತಿಗಂತೂ ಹೆಮ್ಮೆಯೋ ಹೆಮ್ಮೆ.

ತಿಂಗಳಾದ ಮೇಲೆ ಅವನದೊಂದು ವರದಿ ಬಂತು: 'ಬಟನ್ ಒತ್ತದಿದ್ದರೆ ಏನೂ ಆಗುವುದಿಲ್ಲ. ನಲವತ್ತು ನಿಮಿಷ ಕಾದೆ.' ಡೈರೆಕ್ಟರು ಅದರ ಕೆಳಗೆ 'ಇದು ತಪ್ಪಲ್ಲ, ಒತ್ತಲೇಬೇಕು' ಎಂದು ಷರಾ ಬರೆದು ಕೈತೊಳೆದುಕೊಂಡಿದ್ದರು. ನಲವತ್ತು ನಿಮಿಷ ಕೈಕಟ್ಟಿ ಕೂರುವುದೂ ಒಂದು ಕೆಲಸವೇ ಎಂದುಕೊಂಡು ಸಾವಿನಕ್ಕ ಟೆಸ್ಟರ್ ಕೋಣೆಗೆ ಹೋದಳು.

"ಒತ್ತೋಕೆ ಏನ್ರೀ ಕಷ್ಟ ನಿಮಗೆ?"

"ಮೂರು ದಿನದಲ್ಲಿ ಇನ್ನೂರ ಹನ್ನೆರಡು ಸಲ ಒತ್ತಿದೀನಿ ಮೇಡಂ. ಆಮೇಲೆ ಕೈ ಬರ್ಲಿಲ್ಲ."

ಹೆಡ್‌ಫೋನ್ ತೆಗೆದು ಅವಳ ಕೈಗಿತ್ತ. ಅವಳು ಕೇಳಿದಳು. ಮೇಲೆ ಸೈನಿಕರು ನಿಂತಲ್ಲೇ ದಪದಪ ಹೆಜ್ಜೆ ಹಾಕುತ್ತಿದ್ದರು, ಅವಳು ಯಾವಾಗ ಒತ್ತುತ್ತಾಳೋ ಎಂದು ಕಾದಿರುವವರಂತೆ. ಕೆಳಗೆ ಗೊರಗೊರ ಎನ್ನುವ ಪುಟ್ಟ ಉಸಿರು.

"ಅವತ್ತು ಮೂಗು ಕಟ್ಟಿತ್ತು ಅವಳಿಗೆ," ಎಂದ ಅವನು. "ನನ್ನ ಮಗಳು."

ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು.

"ಸೌಂಡ್ ಬದಲಾಯಿಸಿ ಅಂತ ಡೈರೆಕ್ಟರನ್ನ ಕೇಳಿದೆ. 'ಮಗು ಆರೋಗ್ಯವಾಗಿದೆ ತಾನೇ?' ಅಂದ್ರು. ಹೌದು ಅಂದೆ. 'ಮತ್ತೇನ್ರೀ?' ಅಂದ್ರು."

ಆರು ವರ್ಷದಲ್ಲಿ ಮೊದಲ ಸಲ ತಾನೇ ಬರೆದದ್ದನ್ನು ಬದಲಾಯಿಸಲು ಅವಳು ಹೊರಟಳು. ಸೀದಾ ಡೈರೆಕ್ಟರ ಕೋಣೆಗೆ ನುಗ್ಗಿದಳು. ಕರುಣೆಯ ಮಾತು ಆಡಿದರೆ ಕೆಲಸ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು.

"ಒತ್ತದೇ ನಾಲ್ಕು ನಿಮಿಷ ಕಾದ್ರೆ ಸೈನಿಕರು ಹೊರಟುಹೋಗ್ಲಿ ಸರ್. ಮಗು ಅಳೋದೇ ಬೇಡ."

"ಹಾಗಾದ್ರೆ ದುರಂತ ಎಲ್ಲಿಂದ ಬರುತ್ತೆ?"

"ಒತ್ತಿದೋರಿಗೆ ಬರುತ್ತೆ. ಸುಮ್ಮನೆ ಕೂತಿದ್ರೆ ಮಗು ಉಳೀತಿತ್ತು ಅಂತ ಆಮೇಲೆ ಯಾರಿಂದಲೋ ಗೊತ್ತಾಗ್ಬೇಕು ಅವರಿಗೆ."

ಡೈರೆಕ್ಟರ ಮುಖ ಅರಳಿತು. "ಎಂಥಾ ಕಟುಕಿ ಕಣಮ್ಮ ನೀನು," ಎಂದರು, ಅಕ್ಕರೆಯಿಂದ. "ಸೌಂಡ್ ಮಾತ್ರ ಮುಟ್ಟಬೇಡ."

ಅದನ್ನು ಟೆಸ್ಟರ್‌ಗೆ ಹೇಳುವಾಗ ಅವಳಿಗೆ ಮುಖ ಎತ್ತಲಾಗಲಿಲ್ಲ. ಅವನು, "ಇರ್ಲಿ ಬಿಡಿ ಮೇಡಂ. ಈಗ ಬದುಕೋಕೆ ದಾರಿ ಇದೆಯಲ್ಲ," ಎಂದ. ಮರುವಾರ ಅವನ ವರದಿ: 'ನಾಲ್ಕು ನಿಮಿಷ ಕಾದೆ. ಸೈನಿಕರು ಹೋದರು. ಮಗು ಸೀನಿತು. ದೋಷವಿಲ್ಲ.' ಸೀನು ಅವಳ ಕಥೆಯಲ್ಲಿರಲಿಲ್ಲ. ಅವನೇ ಮನೆಯಿಂದ ಹೊಸದಾಗಿ ರೆಕಾರ್ಡ್ ಮಾಡಿ ತಂದು ಸೇರಿಸಿದ್ದ. ಅವಳು ಅದನ್ನು ಹೊಡೆದುಹಾಕಲಿಲ್ಲ.

ಆಟ ಬಿಡುಗಡೆಯಾಯಿತು. ಜನ ಸರಾಸರಿ ಒಂಬತ್ತು ಸೆಕೆಂಡಿನೊಳಗೆ ಬಟನ್ ಒತ್ತಿದರು. ವಿಮರ್ಶಕರೂ ಒತ್ತಿದರು, ಒತ್ತಿ ಹಿಡಿದು ತಮ್ಮ ಹೆಬ್ಬೆರಳು ನೋಯಿತೆಂದೂ ಆ ನೋವು ಬಹಳ ಅರ್ಥಪೂರ್ಣವೆಂದೂ ಒಬ್ಬರು ಎರಡು ಪುಟ ಬರೆದರು. ದಿಟ್ಟ ಕಥನಕ್ಕೆಂದು ಸಾವಿನಕ್ಕನಿಗೆ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ನಾಲ್ಕು ಮಾತಾಡಿ ಎಂದರು.

"ಆ ಮಗು ನಿದ್ದೆ ಮಾಡ್ತಿತ್ತು, ಅಷ್ಟೇ," ಎಂದಳು. "ನೀವು ಸುಮ್ಮನೆ ಇದ್ದಿದ್ರೆ ಆಗ್ತಿತ್ತು."

ಸಭಾಂಗಣದಲ್ಲಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಏನೋ ಗಹನವಾದದ್ದು ಹೇಳಿದಳೆಂದುಕೊಂಡರು. ಮುಂದಿನ ಸಾಲಿನಲ್ಲಿ ಡೈರೆಕ್ಟರು ಮತ್ತೆ ಕಣ್ಣೊರೆಸಿಕೊಂಡರು.

ಟೆಸ್ಟರ್ ಬಂದಿರಲಿಲ್ಲ. ಲಸಿಕೆ ಹಾಕಿಸಿದ್ದಕ್ಕೆ ಮಗಳಿಗೆ ಜ್ವರ ಬಂದಿತ್ತಂತೆ. ಸಾವಿನಕ್ಕ ಹೊರಗೆ ಬಂದು ಅವನಿಗೆ ಫೋನ್ ಮಾಡಿದಳು.

"ಜ್ವರ ಇಳೀತಾ?"

"ಇಳೀತು ಮೇಡಂ. ಈಗ ಮನೆ ಕಿತ್ತುಹೋಗೋ ಹಾಗೆ ಅಳ್ತಾ ಇದಾಳೆ. ಇಡ್ತೀನಿ, ತಲೆನೋವು ಬರುತ್ತೆ ನಿಮಗೆ."

"ಇಡಬೇಡಿ," ಎಂದಳು. ಪ್ರಶಸ್ತಿ ಫಲಕವನ್ನು ಕಂಕುಳಲ್ಲಿಟ್ಟುಕೊಂಡು, ಗೋಡೆಗೊರಗಿ, ಆ ಅಳುವನ್ನು ಕೇಳುತ್ತ ನಿಂತಳು.