ತೊಲೆಯ ಕೆಳಗಿನ ಬೀಸುಕಲ್ಲು

ನಾನೊಂದು ಬೀಸುಕಲ್ಲು. ನನ್ನ ಹುಟ್ಟು ಬೆಂಕಿಯಲ್ಲಾಯಿತು. ಮನುಷ್ಯರೇ ಇಲ್ಲದ ಕಾಲದಲ್ಲಿ ನೆಲ ಬಿರಿದು, ಒಳಗಿನ ಕಲ್ಲಿನ ರಸ ಉಕ್ಕಿ ಹರಿದು, ಪದರದ ಮೇಲೆ ಪದರವಾಗಿ ಆರಿ ಕಪ್ಪಗೆ ಗಟ್ಟಿಯಾಯಿತು. ಅದರೊಳಗೆ ಮಲಗಿದ್ದ ನನ್ನನ್ನು ಕಲಬುರಗಿ ಸೀಮೆಯ ಕಲ್ಲುಕುಟಿಗನೊಬ್ಬ ಉಳಿಯಿಂದ ಬಿಡಿಸಿ ದುಂಡಗೆ ಮಾಡಿದ.

ಭೀಮಬಾಯಿ ನನ್ನನ್ನು ಸಂತೆಯಿಂದ ಬಂಡಿಯಲ್ಲಿ ತಂದಳು. ಜೋಳ ಬೀಸುತ್ತಲೇ ಮುದುಕಿಯಾದಳು. ಆಮೇಲೆ ನನ್ನ ಗೂಟ ಸೊಸೆ ಜಗದೇವಿಯ ಕೈಗೆ ಬಂತು. ಅತ್ತೆ ಸೊಸೆಗೆ ಅಷ್ಟಕ್ಕಷ್ಟೆ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಒಂದು ಶ್ರಾವಣದಲ್ಲಿ ನೆಲದೊಳಗೆ ಗುಡುಗಿನಂಥ ಸದ್ದು ಶುರುವಾಯಿತು. ಊರಿಗೆ ಬಂದ ಭೂವಿಜ್ಞಾನಿಗಳು, ಆಳದಲ್ಲಿ ಬಂಡೆಗಳು ಒತ್ತಡ ತಾಳದೆ ಸರಿಯುತ್ತಿವೆ, ದೊಡ್ಡ ಕಂಪನ ಬಂದರೂ ಬರಬಹುದು, ಕಲ್ಲು ಮಣ್ಣಿನ ಗೋಡೆಯೊಳಗೆ ಇರಬೇಡಿ ಎಂದರು. ಜಗದೇವಿಯ ಗಂಡ ಅಣವೀರ ಅಂಗಳದಲ್ಲಿ ತಗಡಿನ ಶೆಡ್ ಹಾಕಿದ. ಭೀಮಬಾಯಿ ಜಗ್ಗಲಿಲ್ಲ.

“ನಮ್ಮ ಮಾವ ಕಟ್ಟಿಸಿದ ಗ್ವಾಡಿ ಅದ ಇದು. ಆ ತಗಡಿನ್ಯಾಗ ನೀನೇ ಬೇಯು,” ಎಂದು ಸೊಸೆಯನ್ನು ಗದರಿದಳು.

ಒಂದು ಮಧ್ಯಾಹ್ನ ಜಗದೇವಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅತ್ತೆ ನನ್ನ ಪಕ್ಕ ಕೂತು ಬೇಳೆ ಆರಿಸುತ್ತಿದ್ದಳು. ನೆಲವನ್ನು ಯಾರೋ ಎತ್ತಿ ಒಗೆದಂತಾಯಿತು. “ಅತ್ತೀ!” ಎಂದು ಕೂಗುತ್ತ ಜಗದೇವಿ ಒಳಗೆ ನುಗ್ಗಿದಳು. ಮುದುಕಿಯ ತೋಳು ಹಿಡಿಯುವಷ್ಟರಲ್ಲಿ ಗೋಡೆ ಕುಸಿದು ಮಾಳಿಗೆಯ ಮಣ್ಣೆಲ್ಲ ಸುರಿಯಿತು. ಬಿದ್ದ ತೊಲೆಯ ತುದಿ ನನ್ನ ಮೇಲೆ ಕೂತಿತು. ಅದರಡಿಯ ಗೂಡಿನಂಥ ಜಾಗದಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಭೀಮಬಾಯಿಯ ಒಂದು ಕಾಲು ಕಲ್ಲುಗಳಡಿ ಇತ್ತು.

ಕತ್ತಲು. ಉಸಿರೆಳೆದರೆ ಬಾಯಿ ತುಂಬ ದೂಳು.

“ಹೊರಗ ಇದ್ದಿ. ಯಾಕ ಬಂದಿ, ಹುಚ್ಚಿ?”

“ನೀವು ಒಳಗ ಇದ್ರಲ್ಲ.”

ಜಗದೇವಿ ಗೂಟ ಕಿತ್ತು ನನ್ನ ಮೈಗೆ ಬಡಿಯತೊಡಗಿದಳು, ಹೊರಗಿನವರಿಗೆ ಕೇಳಲೆಂದು. ಅವಳ ಕೈ ಸೋತಾಗ ಅತ್ತೆ ಇಸಿದುಕೊಂಡು ಬಡಿದಳು. ನೆಲ ಮತ್ತೆ ನಡುಗಿದಾಗ ನನ್ನ ಎರಡು ಕಲ್ಲುಗಳಲ್ಲಿ ಮೇಲಿನದು ಬಿರುಕುಬಿಟ್ಟಿತು. ಆಗ ನಾನು ಹೆದರಿದೆ. ನಾನು ಒಡೆದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಕಿಂಡಿಯಷ್ಟು ಬೆಳಕು ಬಂತು, ಅದರ ಹಿಂದೆ ಅಣವೀರನ ದನಿ. “ಲಗೂ ಬರ್ರಿ, ತ್ವಲಿ ನಿಲ್ಲಂಗಿಲ್ಲ!”

“ನೀ ಹೋಗು. ನನ್ನ ಕಾಲು ಬರಂಗಿಲ್ಲ,” ಎಂದಳು ಭೀಮಬಾಯಿ.

“ಬರ್ತದ. ಸುಮ್ನಿರ್ರಿ.”

ಜಗದೇವಿ ಒಂದೊಂದೇ ಕಲ್ಲು ತೆಗೆದು ಕಿಂಡಿಯಿಂದ ಹೊರಗೆ ಕೊಟ್ಟಳು. ಅತ್ತೆಯನ್ನು ಮೊದಲು ದಾಟಿಸಿದಳು. ಹಿಂದೆಯೇ ತೆವಳಿದ ಜಗದೇವಿಯ ಪಾದ ಹೊರಬಿದ್ದದ್ದೇ ತಡ, ನಾನು ಎರಡು ಹೋಳಾದೆ.

ಈಗ ನನ್ನ ಹೋಳುಗಳು ಅಂಗಳದ ಬೇಲಿಯ ಬುಡದಲ್ಲಿವೆ. ಭೂಮಿಗೆ ಸಿಟ್ಟು ಬಂದಿತ್ತೆಂದು ಜನ ಹೇಳುತ್ತಾರೆ. ಅಲ್ಲಿಂದಲೇ ಬಂದವನು ನಾನು. ಅದಕ್ಕೆ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ. ಅವೆಲ್ಲ ಮನುಷ್ಯರಲ್ಲಿ ಮಾತ್ರ. ನೆಲ ನಡುಗಿದರೂ ತಾಳಲೆಂದು ಗೋಡೆಯ ಸುತ್ತ ಕಾಂಕ್ರೀಟಿನ ಗಟ್ಟಿ ಪಟ್ಟಿ ಕಟ್ಟಿದ ಹೊಸ ಮನೆ ಎದ್ದಿದೆ. ಭೀಮಬಾಯಿ ಅದರೊಳಗೆ ಕಾಲಿಡುವುದಿಲ್ಲ. ಆಕೆಯನ್ನು ಹೊರಗೆ ತೆಗೆದರು ನಿಜ, ಆ ಕತ್ತಲಿಂದ ಆಕೆ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿದಾಗ ರಸ್ತೆಯಲ್ಲಿ ಲಾರಿ ಹೋದರೆ ಸಾಕು, ಬೆಚ್ಚಿ ಸೊಸೆಯ ಸೆರಗು ಹಿಡಿಯುತ್ತಾಳೆ.

“ಲಾರಿರೀ ಅತ್ತಿ. ಹೋತು.”

“ಹೋಗ್ಲಿ. ನೀ ಇಲ್ಲೇ ಕೂಡು.”

ಜಗದೇವಿ ಕೂರುತ್ತಾಳೆ.